ಎರಡು ಗಡಿಯಾರಗಳ ನಡುವಿನ ರಸ್ತೆ

"ಹನ್ನೊಂದಕ್ಕೆ ಗಾಡಿ ಎಲ್ಲಿ ನಿಲ್ಲಿಸ್ಲಿ, ಅದನ್ನ ಹೇಳಿ ಮೊದ್ಲು," ಎಂದು ಶವದ ಗಾಡಿಯ ಚಾಲಕ ಹೊಸ್ತಿಲಲ್ಲೇ ನಿಂತು ಎರಡು ಕೈಗಳಲ್ಲಿ ಎರಡು ಪತ್ರ ಎತ್ತಿ ಹಿಡಿದ. "ಇದ್ರಲ್ಲಿ ಕಾನೂನು ಕಟ್ಟಡದ ಮೆಟ್ಟಿಲು, ಹನ್ನೊಂದು ಗಂಟೆ. ಇದ್ರಲ್ಲಿ ಅರ್ಥಶಾಸ್ತ್ರದ ಕಟ್ಟಡದ ಮೆಟ್ಟಿಲು, ಅದೂ ಹನ್ನೊಂದು ಗಂಟೆ. ನನ್ನ ಹತ್ರ ಇರೋದು ಒಂದು ಗಾಡಿ. ನಿಮ್ಮ ಹತ್ರ ಇರೋದೂ ಒಬ್ರೇ."

ಕೊನೆಯ ಮಾತು ಬಾಯಿ ಜಾರಿದ ಮೇಲೆ ಅವನು ನಾಲಗೆ ಕಚ್ಚಿಕೊಂಡ. ಸತ್ತವಳ ತಂಗಿಗೆ ಬೇಸರವಾಗಲಿಲ್ಲ. ಬೆಳಗಿನಿಂದ ಬಂದುಹೋದವರಲ್ಲಿ ಸುತ್ತು ಬಳಸದೆ ಮಾತಾಡಿದವನು ಇವನೊಬ್ಬನೇ. ಅವಳು ಅಕ್ಕನ ಕಪ್ಪು ಕೋಟಿನ ತೋಳಿಗೆ ಗುಂಡಿ ಹೊಲಿಯುತ್ತಿದ್ದಳು. ಹೊಲಿಗೆ ಅಂಗಡಿ ಇಟ್ಟುಕೊಂಡವಳ ಒಡಹುಟ್ಟಿದ ಅಕ್ಕ ಗುಂಡಿ ಕಿತ್ತ ಕೋಟಿನಲ್ಲಿ ಹೋಗುವುದೆಂದರೇನು? ದಾರವನ್ನು ಹಲ್ಲಿನಿಂದ ಕಡಿದು, ಕೋಟನ್ನು ಶವಪೆಟ್ಟಿಗೆಯ ಅಂಚಿಗೆ ಹಾಕಿ, ಪತ್ರಗಳನ್ನು ಇಸಿದುಕೊಂಡಳು.

ಎರಡರ ಮೇಲೂ ಒಂದೇ ವಿಶ್ವವಿದ್ಯಾಲಯದ ಮುದ್ರೆ. ಎರಡರಲ್ಲೂ 'ಅಂತಿಮ ದರ್ಶನ ಹಾಗೂ ಸಂತಾಪ ಸಭೆ'. ಎರಡರಲ್ಲೂ, ಒಬ್ಬರ ಉತ್ತರವನ್ನು ಇನ್ನೊಬ್ಬರು ನಕಲು ಹೊಡೆದಂತೆ, ಒಂದೇ ಸಾಲು: 'ಜಂಟಿ ಪದವಿಯ ಮೊದಲ ತಂಡದ ವಿದ್ಯಾರ್ಥಿನಿಯಾಗಿದ್ದು, ಸ್ವಇಚ್ಛೆಯಿಂದ ವ್ಯಾಸಂಗ ತೊರೆದು, ವೇಳಾಪಟ್ಟಿ ಶಾಖೆಯಲ್ಲಿ ಮೂವತ್ತಾರು ವರ್ಷ ಸೇವೆ ಸಲ್ಲಿಸಿದವರು.'

"ಸ್ವಇಚ್ಛೆಯಿಂದ!" ತಂಗಿ ಗಟ್ಟಿಯಾಗಿ ಓದಿದಳು. "ಭಾವ, ಕೇಳಿಸ್ಕೊಂಡ್ರಾ? ಅಕ್ಕ ಸ್ವಇಚ್ಛೆಯಿಂದ ಓದು ಬಿಟ್ಟಳಂತೆ."

ಮೂಲೆಯ ಕುರ್ಚಿಯಲ್ಲಿದ್ದ ಭಾವ ತಲೆ ಎತ್ತಲಿಲ್ಲ. "ಅದು ಹಳೇ ದಾಖಲಾತಿ ಪುಸ್ತಕದಲ್ಲೇ ಹಾಗಿದೆ. ಇವತ್ತೊಂದು ದಿನ ಬಿಟ್ಬಿಡು. ಅವಳನ್ನ ಸುಮ್ಮನೆ ಕಳಿಸಿಕೊಡೋಣ."

"ಸುಮ್ಮನೇ ಇದ್ದಿದ್ದಕ್ಕೇ ಇದು ಇಲ್ಲಿಗೆ ಬಂದಿರೋದು."

ಪೆಟ್ಟಿಗೆಯ ಬಳಿ ಕೂತಿದ್ದ ಗುಮಾಸ್ತೆ ಮೂಗು ಒರೆಸಿಕೊಂಡು ಎದ್ದಳು. ವೇಳಾಪಟ್ಟಿ ಶಾಖೆಯಲ್ಲಿ ಅಕ್ಕನ ಪಕ್ಕದ ಮೇಜಿನಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿದವಳು. "ಅವರು ಹಾಸಿಗೆ ಹಿಡಿದು ನಾಲ್ಕು ತಿಂಗಳಾಯ್ತು. ಆ ಕುರ್ಚಿಗೆ ಇನ್ನೂ ಯಾರನ್ನೂ ಹಾಕಿಲ್ಲ. ಅವರಿದ್ದಿದ್ರೆ ಈ ಎರಡು ಸಭೆ ಒಂದೇ ಗಂಟೆಗೆ ಬೀಳೋಕೆ ಬಿಡ್ತಿದ್ರಾ?"

ಅಂದರೆ ಸತ್ತವಳ ಸಂತಾಪ ಸಭೆಗೂ ಸತ್ತವಳೇ ಎದ್ದು ಬಂದು ವೇಳಾಪಟ್ಟಿ ಹಾಕಬೇಕಿತ್ತು. ತಂಗಿಗೆ ನಗುವೂ ಸಿಟ್ಟೂ ಒಟ್ಟಿಗೆ ಬಂದು, ಸಿಟ್ಟೇ ಉಳಿಯಿತು. ಪತ್ರದ ಅಡಿಯಲ್ಲಿದ್ದ ಸಂಖ್ಯೆಗೆ ಫೋನು ಮಾಡಿದಳು.

ಕಾನೂನು ವಿಭಾಗದ ಮುಖ್ಯಸ್ಥರು ಬಹಳ ಮೃದುವಾಗಿ ಮಾತಾಡಿದರು. ತುಂಬಲಾರದ ನಷ್ಟ ಎಂದರು. ತಾವು ಹದಿನೈದು ನಿಮಿಷದ ಭಾಷಣ ಬರೆದಿಟ್ಟಿರುವುದಾಗಿ ಹೇಳಿದರು.

"ಭಾಷಣ ಇರ್ಲಿ. ಆ ಒಂದು ಸಾಲು ತಿದ್ದಬೇಕು. ಅಕ್ಕ ತಾನಾಗಿ ಬಿಡ್ಲಿಲ್ಲ. ನಾನು ಅಲ್ಲೇ ಇದ್ದೆ."

"ಅಮ್ಮಾ, ನಾನು ಆಗ ಇಲ್ಲಿರಲಿಲ್ಲ. ದಾಖಲೆಯಲ್ಲಿ ಹಾಗಿದೆ. ಜಂಟಿ ವಿದ್ಯಾರ್ಥಿ ನೋಡಿ, ಅರ್ಥಶಾಸ್ತ್ರದವರು ಒಪ್ಪಿದ್ರೆ ನಮ್ಮದೇನೂ ಅಭ್ಯಂತರವಿಲ್ಲ."

ಅರ್ಥಶಾಸ್ತ್ರದ ಮುಖ್ಯಸ್ಥರಿಗೂ ಅಭ್ಯಂತರವಿರಲಿಲ್ಲ. ಕಾನೂನಿನವರು ಮೊದಲು ಸಹಿ ಮಾಡಬೇಕು, ಅಷ್ಟೇ.

ತಂಗಿ ಫೋನನ್ನು ಮೇಜಿನ ಮೇಲೆ ಕುಕ್ಕಿದಳು. "ಆ ಹಳೇ ಪುಸ್ತಕ ಎಲ್ಲಿದೆ?"

"ನನ್ನ ಬೀರುವಿನಲ್ಲಿ," ಎಂದಳು ಗುಮಾಸ್ತೆ. "ಅಕ್ಕನ ಹೆಸರಿನ ಸಾಲಿನ ಮುಂದೆ ತಿದ್ದುಪಡಿಗೆ ಅಂತ ಎರಡು ಚೌಕ ಇದೆ. ಇಬ್ಬರೂ ಮುಖ್ಯಸ್ಥರು ಸಹಿ ಹಾಕಿದ್ರೆ ಮುಗೀತು."

"ಹೊರಗೆ ತರಬಹುದಾ?"

"ತರಬಾರದು." ಗುಮಾಸ್ತೆ ಚಪ್ಪಲಿ ಮೆಟ್ಟಿಕೊಂಡಳು. "ಹನ್ನೊಂದಕ್ಕೆ ತರ್ತೀನಿ."

ತಂಗಿ ಮತ್ತೆ ಇಬ್ಬರಿಗೂ ಫೋನು ಮಾಡಿ, ಇಬ್ಬರಿಗೂ ಕಡ್ಡಿ ಮುರಿದಂತೆ ಒಂದೇ ಮಾತು ಹೇಳಿದಳು: ಗಾಡಿ ಯಾವ ಮೆಟ್ಟಿಲ ಬಳಿಗೂ ಬರುವುದಿಲ್ಲ. ಎರಡು ಕಟ್ಟಡಗಳ ನಡುವಿನ ರಸ್ತೆಯಲ್ಲಿ ನಿಲ್ಲುತ್ತದೆ. ಹನ್ನೊಂದಕ್ಕೆ ಬಾಗಿಲು ತೆಗೆಯುತ್ತೇವೆ, ಹನ್ನೊಂದೂವರೆಗೆ ಮುಚ್ಚುತ್ತೇವೆ. ಬರುವಾಗ ಪೆನ್ನು ತನ್ನಿ.

* * *

ಅರ್ಥಶಾಸ್ತ್ರ, ಕಾನೂನು ಎರಡನ್ನೂ ಒಟ್ಟಿಗೆ ಓದುತ್ತೇನೆಂದು ಅಕ್ಕ ಹೇಳಿದಾಗ ನೀರಿನ ಮೀಟರ್ ಓದುವ ಕೆಲಸದಲ್ಲಿದ್ದ ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ.

"ಒಂದಕ್ಕೇ ತಲೆ ಸಾಲದ ವಂಶ ನಮ್ಮದು. ನಿಂಗೆ ಎರಡು ಬೇಕಾ?"

"ನಿಯಮ ಏನು ಅಂತ ಕಾನೂನು ಹೇಳುತ್ತಪ್ಪಾ. ಆ ನಿಯಮದ ಭಾರ ಯಾರ ತಲೆ ಮೇಲೆ ಬೀಳುತ್ತೆ ಅಂತ ಅರ್ಥಶಾಸ್ತ್ರ ಹೇಳುತ್ತೆ. ಒಂದೇ ಓದಿದ್ರೆ ಒಂದೇ ಕಣ್ಣಲ್ಲಿ ನೋಡಿದ ಹಾಗೆ."

ಅಪ್ಪನಿಗೆ ಅರ್ಥವಾಗಲಿಲ್ಲ, ಆದರೆ ಮರುದಿನದಿಂದ ಆ ಮಾತನ್ನು ಮೀಟರ್ ಓದಲು ಹೋದ ಮನೆಮನೆಯಲ್ಲೂ ಹೇಳತೊಡಗಿದ.

ಜಂಟಿ ಪದವಿ ಆಗಷ್ಟೇ ಶುರುವಾಗಿತ್ತು. ಹನ್ನೊಂದು ಮಂದಿ ಸೇರಿದ್ದರು. ಎರಡು ದೋಣಿಯವರು ಎಂದು ಎರಡೂ ಕಡೆಯವರು ಅವರಿಗೆ ಹೆಸರಿಟ್ಟರು. ಕಾನೂನಿನ ಮೇಷ್ಟರಿಗೆ ಅವರು ಅರ್ಥಶಾಸ್ತ್ರದವರ ಮಕ್ಕಳು, ಅರ್ಥಶಾಸ್ತ್ರದವರಿಗೆ ಕಾನೂನಿನವರ ಮಕ್ಕಳು. ಎರಡೂ ಕಡೆಯ ತರಗತಿಗಳು ಒಂದೇ ಗಂಟೆಗೆ ಬೀಳುತ್ತಿದ್ದವು. ಒಬ್ಬೊಬ್ಬರೇ ಒಂದೊಂದು ದಡಕ್ಕೆ ಹಾರಿಕೊಂಡರು. ಐದನೆಯ ವರ್ಷಕ್ಕೆ ಉಳಿದವಳು ಅಕ್ಕ ಒಬ್ಬಳೇ. ಅವಳು ಇವತ್ತು ಇಲ್ಲಿಯ ಪಾಠ, ನಾಳೆ ಅಲ್ಲಿಯ ಪಾಠ ಕೇಳಿ, ತಪ್ಪಿದ್ದನ್ನು ಯಾರ್ಯಾರದೋ ಟಿಪ್ಪಣಿಯಿಂದ ಬರೆದುಕೊಂಡು, ಎರಡರಲ್ಲೂ ಮೊದಲ ಐವರೊಳಗೆ ಇರುತ್ತಿದ್ದಳು.

ಕೊನೆಯ ಪರೀಕ್ಷೆಯ ಪಟ್ಟಿ ಬಂದಾಗ, ಅರ್ಥಶಾಸ್ತ್ರದ ಕೊನೆಯ ಪತ್ರಿಕೆಯೂ ಕಾನೂನಿನ ಕೊನೆಯ ಪತ್ರಿಕೆಯೂ ಒಂದೇ ದಿನ, ಒಂದೇ ಹತ್ತು ಗಂಟೆಗೆ. ಅಕ್ಕ ಎರಡೂ ಕಡೆ ಹೋಗಿ ಕೇಳಿದಳು. ಅವರು ಬದಲಾಯಿಸಲಿ ಎಂದರು ಇವರು. ಇವರು ಬದಲಾಯಿಸಲಿ ಎಂದರು ಅವರು. "ಎರಡೂ ಓದ್ತೀನಿ ಅಂದವಳು ಎರಡೂ ಬರಿ," ಎಂದು ಒಬ್ಬ ಮೇಷ್ಟರು ನಕ್ಕರಂತೆ.

ಅಕ್ಕ ಅಳಲಿಲ್ಲ. ಎರಡೂ ಕಟ್ಟಡಗಳ ಪರೀಕ್ಷಾ ನಿಯಮಗಳನ್ನು ತಂದು ಎದುರುಬದುರು ಇಟ್ಟುಕೊಂಡಳು. ಅರ್ಥಶಾಸ್ತ್ರದಲ್ಲಿ ಮೊದಲ ಅರ್ಧ ಗಂಟೆ ಯಾರನ್ನೂ ಹೊರಗೆ ಬಿಡುವುದಿಲ್ಲ. ಕಾನೂನಿನಲ್ಲಿ ಅರ್ಧ ಗಂಟೆಯ ನಂತರ ಯಾರನ್ನೂ ಒಳಗೆ ಬಿಡುವುದಿಲ್ಲ. ಹತ್ತೂವರೆಗೆ ಒಂದು ಬಾಗಿಲು ತೆರೆಯುತ್ತದೆ, ಅದೇ ಹತ್ತೂವರೆಗೆ ಇನ್ನೊಂದು ಮುಚ್ಚುತ್ತದೆ. ನಡುವೆ ರಸ್ತೆ.

ಒಂದು ವಾರ ಅವಳು ಆ ರಸ್ತೆಯಲ್ಲಿ ಅಡ್ಡಾಡಿ ಒಂದು ವಿಷಯ ಕಂಡುಕೊಂಡಳು. ಕಾನೂನು ಕಟ್ಟಡದ ಗಡಿಯಾರ ಅರ್ಥಶಾಸ್ತ್ರದ ಗಡಿಯಾರಕ್ಕಿಂತ ನಾಲ್ಕು ನಿಮಿಷ ಹಿಂದಿತ್ತು. ನಡೆದರೆ ಒಂಬತ್ತು ನಿಮಿಷ. ಓಡಿದರೆ ಆರು. ಸೈಕಲ್ಲಿನಲ್ಲಿ ಮೂರು. ವರ್ಷವಿಡೀ ಗಳಿಸಿದ ಅಂಕಗಳಿದ್ದವು. ಅರ್ಥಶಾಸ್ತ್ರದಲ್ಲಿ ಇನ್ನು ಹದಿನಾಲ್ಕು ಬಂದರೆ ಸಾಕು. ಅಷ್ಟನ್ನು ಅರ್ಧ ಗಂಟೆಯಲ್ಲಿ ಬರೆದು ಬಿಸಾಕಬಹುದು.

"ನೀನು ಸೈಕಲ್ ಹಿಡ್ಕೊಂಡು ಮೆಟ್ಟಿಲ ಹತ್ರ ನಿಂತಿರು," ಎಂದಳು ತಂಗಿಗೆ. "ನಾನು ಬಂದು ಹಿಂದೆ ಕೂರ್ತೀನಿ. ನೀನು ತುಳಿ. ಅಷ್ಟೇ ನಿನ್ನ ಕೆಲಸ."

ತಂಗಿಗೆ ಆಗ ಹದಿನಾಲ್ಕು. ಹಿಂದಿನ ಸಂಜೆಯೇ ಸೈಕಲ್ ತೊಳೆದು ಒರೆಸಿ ಇಟ್ಟಿದ್ದಳು. ಹೇಳಿದ ಗಂಟೆಗೆ ಸರಿಯಾಗಿ ಅಕ್ಕ ಮೆಟ್ಟಿಲು ಹಾರಿ ಬಂದಳು. ತಂಗಿ ಜೀವ ಬಿಟ್ಟು ತುಳಿದಳು. ರಸ್ತೆಯ ನಡುವೆ, ನೀರಿನ ಕೊಳಾಯಿಯ ಹತ್ತಿರ, ಕಾಲ ಕೆಳಗೆ ಸರಪಳಿ ಕಳಚಿ ಪೆಡಲು ಬರೀ ಗಾಳಿಯಲ್ಲಿ ತಿರುಗಿತು.

ಅಕ್ಕ ಇಳಿದು ಓಡಿದಳು. ತಂಗಿ ಸೈಕಲ್ ಬಿಸಾಡಿ ಹಿಂದೆ ಓಡಿದಳು. ಮೆಟ್ಟಿಲು ಹತ್ತುವಾಗ ಮೇಲಿನ ಗಡಿಯಾರದ ಮುಳ್ಳು ಹತ್ತೂ ಮೂವತ್ತೊಂದರಲ್ಲಿತ್ತು. ಅಕ್ಕ ಪರೀಕ್ಷೆಯ ಚೀಟಿಯನ್ನು ಎರಡೂ ಕೈಯಿಂದ ಎದೆಗೆ ಒತ್ತಿ ಹಿಡಿದು ನಿಂತಿದ್ದಳು. ಬಾಗಿಲು ಮುಚ್ಚಿತ್ತು. ಒಳಗಿನಿಂದ ಯಾರೋ ಗಾಜಿನ ಕಿಂಡಿಯಲ್ಲಿ ನೋಡಿ, ಗಡಿಯಾರದ ಕಡೆ ಬೆರಳು ತೋರಿಸಿ, ಹೊರಟುಹೋದರು.

ಪತ್ರಿಕೆಗೆ ಗೈರುಹಾಜರಾದವಳೆಂದು ಪುಸ್ತಕದಲ್ಲಿ ಅಕ್ಕನ ಹೆಸರಿನ ಮುಂದೆ 'ಸ್ವಇಚ್ಛೆಯಿಂದ' ತೊರೆದಳೆಂದು ಬರೆದರು. ಆ ದಿನದಿಂದ ತಂಗಿ ಸೈಕಲ್ ಮುಟ್ಟಿಲ್ಲ.

* * *

ಹತ್ತೂವರೆಗೆ ಗಾಡಿ ಹೊರಟಿತು. ಪೆಟ್ಟಿಗೆಯ ಒಂದು ಪಕ್ಕ ಭಾವ, ಇನ್ನೊಂದು ಪಕ್ಕ ತಂಗಿ. ಅವಳ ತೊಡೆಯ ಮೇಲೆ ನೀಲಿ ಕಡತ. ಬೆಳಿಗ್ಗೆ ಸ್ಮಶಾನದ ಕಾಗದಕ್ಕೆ ಹುಡುಕುವಾಗ ಅಕ್ಕನ ಬೀರುವಿನಲ್ಲಿ ಸಿಕ್ಕಿತ್ತು. ಒಳಗೆ ಮೂವತ್ತಾರು ಅರ್ಜಿಗಳ ಪ್ರತಿ. ವರ್ಷಕ್ಕೊಂದು. ಪ್ರತಿಯೊಂದರಲ್ಲೂ ಕೇಳಿದ್ದು ಎರಡೇ: ತಪ್ಪಿದ ಪತ್ರಿಕೆಯನ್ನು ಬರೆಯಲು ಬಿಡಿ, ಇಲ್ಲವಾದರೆ 'ಸ್ವಇಚ್ಛೆಯಿಂದ' ಎಂಬ ಮಾತನ್ನಾದರೂ ತೆಗೆಯಿರಿ. ಪ್ರತಿಯೊಂದಕ್ಕೂ ಬಂದ ಉತ್ತರ ಒಂದೇ: ಸಂಬಂಧಪಟ್ಟ ವಿಭಾಗಕ್ಕೆ ಕಳುಹಿಸಲಾಗಿದೆ.

ಎಲ್ಲವನ್ನೂ ಟೈಪು ಮಾಡಿದವರು ಭಾವ. ನ್ಯಾಯಾಲಯದ ಎದುರಿನ ಮರದ ಕೆಳಗೆ ಮೇಜು ಹಾಕಿಕೊಂಡು ಬೇರೆಯವರ ಅಹವಾಲು ಟೈಪು ಮಾಡಿಯೇ ಬೆರಳು ಸವೆಸಿದವರು. ಅಕ್ಕನ ಪರಿಚಯವಾದದ್ದೂ ಮೊದಲ ಅರ್ಜಿಯ ದಿನವೇ.

"ಭಾವ, ಒಂದು ಕೇಳ್ತೀನಿ." ತಂಗಿ ಕಡತ ಮುಚ್ಚಿದಳು. "ಮೂವತ್ತಾರರಲ್ಲೂ ಹುಡುಕಿದೆ. ಸೈಕಲ್ ಸರಪಳಿ ವಿಷಯ ಒಂದ್ರಲ್ಲೂ ಇಲ್ಲ. ನನ್ನ ಮರ್ಯಾದೆ ಉಳಿಸೋಕೆ ಬಿಟ್ಟಳಾ?"

ಭಾವ ಇದೇ ಮೊದಲ ಬಾರಿ ಅವಳ ಮುಖ ನೋಡಿದರು.

"ಸರಪಳಿಗೆ ಎಣ್ಣೆ ಹಾಕೋಕೆ ಹೇಳಿದ್ಲು ನಂಗೆ," ಎಂದಳು ತಂಗಿ. "ತೊಳೆದೆ, ಒರೆಸಿದೆ, ಎಣ್ಣೆ ಮರೆತೆ. ಯಾರಿಗೂ ಹೇಳಿಲ್ಲ ಇದನ್ನ. ಅಕ್ಕನ ಓದು ಕೆಡಿಸಿದವಳು ನಾನೇ ಅಂತ ಮೂವತ್ತೇಳು ವರ್ಷದಿಂದ ಒಳಗೊಳಗೇ ಬೇಯ್ತಿದೀನಿ."

"ಮೊದಲನೇ ವರ್ಷ ನಾನು ಅದನ್ನ ಟೈಪ್ ಮಾಡಿದ್ದೆ ಕಣಮ್ಮಾ," ಎಂದರು ಭಾವ ನಿಧಾನವಾಗಿ. "'ಸೈಕಲ್ ಕೆಟ್ಟಿದ್ದರಿಂದ ಒಂದು ನಿಮಿಷ ತಡವಾಗಿ' ಅಂತ. ಚೆನ್ನಾಗಿರುತ್ತೆ, ಕರುಣೆ ಹುಟ್ಟುತ್ತೆ ಅಂದುಕೊಂಡೆ. ಅವಳು ಕಾಗದನ ಯಂತ್ರದಿಂದ ಹಾಗೇ ಎಳೆದು ಹರಿದು ಹಾಕಿದ್ಲು. 'ಸೈಕಲ್ ಅಂತ ಬರೆದ್ರೆ ತಪ್ಪು ಸೈಕಲ್ಲಿಂದಾಗುತ್ತೆ, ಅವರು ಕೈ ತೊಳ್ಕೋತಾರೆ. ಒಂದೇ ಗಂಟೆಗೆ ಎರಡು ಪರೀಕ್ಷೆ ಇಟ್ಟವರು ಯಾರು ಅಂತಷ್ಟೇ ಬರಿ' ಅಂದ್ಲು."

ಗಾಡಿ ಒಂದು ತಿರುವು ತೆಗೆದುಕೊಂಡಿತು. ತಂಗಿ ಒಂದು ಕೈಯಿಂದ ಪೆಟ್ಟಿಗೆ ಹಿಡಿದುಕೊಂಡಳು.

"ಅದನ್ನ ನನಗೆ ಯಾಕೆ ಹೇಳ್ಲಿಲ್ಲ?"

"ನೀನು ಹೀಗೆ ಹೊತ್ಕೊಂಡಿದ್ದೀಯ ಅಂತ ನಮಗೇನು ಗೊತ್ತು?"

ಅವಳಿಗೆ ಅಳು ಬರುವುದಿತ್ತು. ಬದಲಿಗೆ ಬಂದದ್ದು ಕೆಂಡದಂಥ ಕೋಪ. ಹದಿನಾಲ್ಕು ವರ್ಷದ ಹುಡುಗಿ ಎಣ್ಣೆ ಮರೆತದ್ದಕ್ಕೆ ಜೀವಮಾನ ಪೂರ್ತಿ ನಿದ್ದೆಗೆಟ್ಟಳು. ಅಷ್ಟು ದೊಡ್ಡ ಎರಡು ಕಟ್ಟಡಗಳು, ಅಷ್ಟೊಂದು ಓದಿದ ತಲೆಗಳು, ಒಂದು ದಿನವಾದರೂ ನಿದ್ದೆಗೆಟ್ಟವೇ? ನಿಯಮದ ಭಾರ ಯಾರ ತಲೆ ಮೇಲೆ ಬೀಳುತ್ತದೆಂದು ಅಕ್ಕ ಹೇಳುತ್ತಿದ್ದಳಲ್ಲ, ಅದು ತನ್ನ ತಲೆಯ ಮೇಲೂ ಬಿದ್ದಿತ್ತೆಂದು ಅವಳಿಗೆ ಈಗ ತಿಳಿಯಿತು.

* * *

ಅಕ್ಕನಿಗೆ ಬೇರೆ ಕಡೆಯೂ ಕೆಲಸ ಸಿಗುತ್ತಿತ್ತು. ಅವಳು ಹುಡುಕಿಕೊಂಡು ಹೋಗಿ ಸೇರಿದ್ದು ಅದೇ ವಿಶ್ವವಿದ್ಯಾಲಯದ ವೇಳಾಪಟ್ಟಿ ಶಾಖೆಯನ್ನು. "ಹೊಡೆಸಿಕೊಂಡ ಮನೆಯಲ್ಲೇ ಬಾಡಿಗೆಗೆ ಇರ್ತೀಯಾ?" ಎಂದು ತಂಗಿ ರೇಗಿದ್ದಳು. ನ್ಯಾಯಾಲಯಕ್ಕಾದರೂ ಹೋಗು ಎಂದಿದ್ದಳು.

"ನನ್ನೊಳಗಿನ ವಕೀಲೆ ಹೋಗು ಅಂತಾಳೆ. ಅರ್ಥಶಾಸ್ತ್ರದವಳು ಹತ್ತು ವರ್ಷ ಹಾಳಾಗುತ್ತೆ ಬೇಡ ಅಂತಾಳೆ," ಎಂದು ಅಕ್ಕ ನಕ್ಕಿದ್ದಳು. "ಇಬ್ಬರೂ ಒಂದೇ ಗಂಟೆಗೆ ಮಾತಾಡ್ತಾರೆ. ನಾನು ಯಾರ ಮಾತು ಕೇಳ್ಲಿ?"

ಶಾಖೆಯ ಗೋಡೆಯ ಮೇಲೆ ಆಳೆತ್ತರದ ಹಲಗೆಯಿತ್ತು. ಕಾನೂನಿನ ತರಗತಿಗೆ ಕೆಂಪು ಪಿನ್ನು, ಅರ್ಥಶಾಸ್ತ್ರಕ್ಕೆ ನೀಲಿ. ಹಲಗೆಯ ಒಂದೇ ಗಂಟೆಯ ಮನೆಯಲ್ಲಿ ಕೆಂಪೂ ನೀಲಿಯೂ ಕೂಡಿದರೆ ಅಕ್ಕ ಊಟಕ್ಕೆ ಏಳುತ್ತಿರಲಿಲ್ಲ. ಮೇಷ್ಟರುಗಳು ಬಂದು ಕೂಗಾಡುತ್ತಿದ್ದರು: ನನಗೆ ಬೆಳಿಗ್ಗೆಯೇ ಬೇಕು, ನನಗೆ ಸೋಮವಾರ ಬೇಡ. ಅವರಿಗೆಲ್ಲ ಅವಳು 'ಪಿನ್ನಮ್ಮ'. ಹೆಸರು ಕೇಳಿಯೂ ಕೇಳದವಳಂತೆ ಅವಳು ಪಿನ್ನು ಕೀಳುತ್ತಿದ್ದಳು, ಚುಚ್ಚುತ್ತಿದ್ದಳು. ಪ್ರತಿ ಸೋಮವಾರ ಬೆಳಿಗ್ಗೆ ಕೈಗಡಿಯಾರ ನೋಡಿಕೊಂಡು ಎರಡೂ ಕಟ್ಟಡಗಳಿಗೆ ನಡೆದುಹೋಗಿ, ಕಾವಲುಗಾರನನ್ನು ಏಣಿ ಹತ್ತಿಸಿ, ಎರಡೂ ಗಡಿಯಾರಗಳನ್ನು ಒಂದೇ ಸಮಯಕ್ಕೆ ತರುತ್ತಿದ್ದಳು. ಅದು ಅವಳ ಕೆಲಸವೆಂದು ಯಾವ ಆದೇಶದಲ್ಲೂ ಇರಲಿಲ್ಲ.

ಮೂವತ್ತಾರು ವರ್ಷಗಳಲ್ಲಿ ಎರಡು ದೋಣಿಯವರಿಗೆ ಒಂದು ತರಗತಿಯೂ ಒಂದು ಪರೀಕ್ಷೆಯೂ ಡಿಕ್ಕಿ ಹೊಡೆಯಲಿಲ್ಲ. ಜಂಟಿ ಪದವಿ ಈಗ ವಿಶ್ವವಿದ್ಯಾಲಯದ ಹೆಮ್ಮೆ. ಎಲ್ಲ ಪುಸ್ತಿಕೆಗಳ ಮುಖಪುಟದಲ್ಲೂ ಅದೇ. ಅದರ ಪದವಿ ಪಡೆದವರ ಪಟ್ಟಿ ಉದ್ದವಿದೆ. ಅಕ್ಕ ಅದರಲ್ಲಿಲ್ಲ.

* * *

ನೀರಿನ ಕೊಳಾಯಿ ಇನ್ನೂ ಅಲ್ಲೇ ಇತ್ತು. "ಇಲ್ಲೇ," ಎಂದಳು ತಂಗಿ. ಚಾಲಕ ಗಾಡಿ ನಿಲ್ಲಿಸಿ ಹಿಂದಿನ ಬಾಗಿಲುಗಳನ್ನು ಅಗಲ ತೆರೆದ. ತಂಗಿಯ ಮಣಿಕಟ್ಟಿನಲ್ಲಿ ಅಕ್ಕನ ಕೈಗಡಿಯಾರವಿತ್ತು. ಸರಿಯಾಗಿ ಹನ್ನೊಂದು.

ಮೊದಲು ಬಂದವಳು ಗುಮಾಸ್ತೆ, ಹಳೆಯ ದಿನಪತ್ರಿಕೆಯಲ್ಲಿ ಸುತ್ತಿದ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು. ಆಮೇಲೆ ವಿದ್ಯಾರ್ಥಿಗಳು. ಎರಡೂ ಮೆಟ್ಟಿಲುಗಳ ಮೇಲೆ ಸಭೆಗೆಂದು ಕಾದಿದ್ದವರು ಇಬ್ಬರು ಮೂವರಾಗಿ ಇಳಿದು ನಡೆದು ಬಂದರು. ಐವತ್ತು ಅರವತ್ತು ಮಂದಿ. ಸಾಲಾಗಿ ಬಂದು ಪೆಟ್ಟಿಗೆಯ ಬಳಿ ಒಂದು ಕ್ಷಣ ನಿಂತು ಸರಿಯುತ್ತಿದ್ದರು. ಒಬ್ಬ ಹುಡುಗಿ ತನ್ನ ಪುಸ್ತಕದ ಚೀಲದಿಂದ ಒಂದು ಕೆಂಪು ಪಿನ್ನು, ಒಂದು ನೀಲಿ ಪಿನ್ನು ತೆಗೆದು ಕಪ್ಪು ಕೋಟಿನ ಪಕ್ಕದಲ್ಲಿಟ್ಟಳು.

"ನಾನು ಎರಡು ದೋಣಿಯವಳು," ಎಂದಳು ತಂಗಿಗೆ. "ಈ ತಿಂಗಳು ಎರಡು ಕ್ಲಾಸ್ ಒಟ್ಟಿಗೆ ಬಿದ್ದಿವೆ. ಕೇಳಿದ್ರೆ ಅವರನ್ನ ಕೇಳು, ಇವರನ್ನ ಕೇಳು ಅಂತಾರೆ."

ಹನ್ನೊಂದೂ ಇಪ್ಪತ್ತಕ್ಕೆ ಅರ್ಥಶಾಸ್ತ್ರದ ಮುಖ್ಯಸ್ಥರು ಬಂದರು. ಕೈಮುಗಿದು, ತಲೆ ತಗ್ಗಿಸಿ ನಿಂತರು. ಗುಮಾಸ್ತೆ ಪುಸ್ತಕ ಬಿಚ್ಚಿ ಹಿಡಿದಳು. ಅವರು ಪೆನ್ನಿನ ಮುಚ್ಚಳ ತೆಗೆದು, ಎರಡು ಖಾಲಿ ಚೌಕಗಳನ್ನೂ ನೋಡಿ, ಮುಚ್ಚಳ ಹಾಕಿದರು.

"ಕಾನೂನಿನವರೂ ಬರ್ಲಿ. ಮೊದಲನೇ ಚೌಕ ಅವರದ್ದು."

"ನೀವು ಎರಡನೇದರಲ್ಲಿ ಹಾಕಿ. ಯಾರು ತಡೀತಾರೆ?" ಎಂದಳು ತಂಗಿ.

"ಹಾಗೆ ಕ್ರಮ ಇಲ್ಲಮ್ಮಾ."

ಕಾನೂನು ಕಟ್ಟಡದ ಮೆಟ್ಟಿಲಲ್ಲಿ ಯಾರೂ ಕಾಣಿಸಲಿಲ್ಲ. ಇಪ್ಪತ್ತೈದಾಯಿತು. ಇಪ್ಪತ್ತೆಂಟಾಯಿತು. ತಂಗಿ ಕೈಚಾಚಿದಳು. "ಆ ಪೆನ್ನು ಕೊಡಿ."

ಅವರು ಏನೆಂದು ಅರಿಯದೆ ಕೊಟ್ಟುಬಿಟ್ಟರು. ತಂಗಿ ಪುಸ್ತಕವನ್ನು ಪೆಟ್ಟಿಗೆಯ ಅಂಚಿನ ಮೇಲಿಟ್ಟು, ಬಟ್ಟೆ ಕತ್ತರಿಸುವ ಮೊದಲು ಗೆರೆ ಎಳೆಯುವ ಕೈಯಿಂದಲೇ 'ಸ್ವಇಚ್ಛೆಯಿಂದ' ಎಂಬುದರ ಮೇಲೆ ನೆಟ್ಟಗೆ ಒಂದು ಗೆರೆ ಎಳೆದಳು.

"ಅಯ್ಯೋ, ಏನಮ್ಮಾ ಇದು! ನೀವು ಇದರಲ್ಲಿ ಬರೆಯೋ ಹಾಗಿಲ್ಲ!"

"ಈ ಸುಳ್ಳು ಬರೆದವರು ಯಾರನ್ನ ಕೇಳಿ ಬರೆದ್ರು? ಅಕ್ಕನ್ನ ಕೇಳಿದ್ರಾ? ಮೂವತ್ತಾರು ಸಲ ಬರೆದು ಕೇಳಿದ್ಲು ಅವಳು. ನೀವು ಅರ್ಧ ಗಂಟೇಲಿ ಒಂದು ಸಹಿ ಹಾಕೋಕಾಗಲ್ಲ, ನನಗೆ ಕ್ರಮ ಹೇಳ್ತೀರಾ?"

ವಿದ್ಯಾರ್ಥಿಗಳು ಹತ್ತಿರ ಸರಿದರು. ಮುಖ್ಯಸ್ಥರು ಅತ್ತಿತ್ತ ನೋಡಿ ಒಂದು ಹೆಜ್ಜೆ ಹಿಂದಿಟ್ಟರು. ತಂಗಿ ಅಂಚಿನ ಖಾಲಿ ಜಾಗದಲ್ಲಿ ಬರೆದಳು: 'ಬಿಡಲಿಲ್ಲ. ಎರಡು ಪರೀಕ್ಷೆ ಒಂದೇ ಗಂಟೆಗೆ ಇಟ್ಟರು. ಬಾಗಿಲು ಮುಚ್ಚಿದರು. ಕಣ್ಣಾರೆ ಕಂಡವಳು, ತಂಗಿ.' ಸೈಕಲ್ಲಿನ ಮಾತು ಅವಳೂ ಬರೆಯಲಿಲ್ಲ.

"ಇಲ್ಲಿ ಕೊಡು," ಎಂದರು ಭಾವ. ಇವತ್ತೊಂದು ದಿನ ಬಿಟ್ಬಿಡು ಎಂದಿದ್ದ ಅದೇ ಭಾವ, ಅವಳು ಬರೆದುದರ ಕೆಳಗೆ ತಮ್ಮ ಸಹಿ ಹಾಕಿದರು. ಗುಮಾಸ್ತೆ ತಾನೂ ಹಾಕಿ, ಶಾಯಿ ಆರಲೆಂದು ಊದಿ, ಪುಸ್ತಕವನ್ನು ಮತ್ತೆ ಪತ್ರಿಕೆಯಲ್ಲಿ ಸುತ್ತಿದಳು.

ತಂಗಿ ಕೈಗಡಿಯಾರ ನೋಡಿದಳು. ಹನ್ನೊಂದೂವರೆ. "ಮುಚ್ಚಿ," ಎಂದು ಚಾಲಕನಿಗೆ ಹೇಳಿ, ಮುಂದೆ ಹೋಗಿ ಅವನ ಪಕ್ಕದ ಸೀಟಿನಲ್ಲಿ ಕೂತಳು. ಭಾವ ಹಿಂದೆ ಅಕ್ಕನ ಬಳಿ ಕೂತರು. ಬಾಗಿಲುಗಳು ಒಂದಾದ ಮೇಲೊಂದು ಬಡಿದುಕೊಂಡವು.

ಆಗ ಕಾನೂನು ಕಟ್ಟಡದ ಮೆಟ್ಟಿಲುಗಳಿಂದ ಒಬ್ಬರು ದಡದಡ ಇಳಿದು ಓಡಿ ಬಂದರು. ಕೈಯಲ್ಲಿ ಕಾಗದದ ಕಟ್ಟು.

"ನಿಲ್ಸಿ! ನಿಲ್ಸಿ! ಇನ್ನೂ ಟೈಮ್ ಇದೆ! ನಮ್ಮ ಗಡಿಯಾರದಲ್ಲಿ ಹನ್ನೊಂದೂ ಇಪ್ಪತ್ತೇಳು!"

ಚಾಲಕ ತಂಗಿಯ ಕಡೆ ತಿರುಗಿದ. ತಂಗಿ ಕಿಟಕಿಯಿಂದ ತಲೆ ಎತ್ತಿ ಕಾನೂನು ಕಟ್ಟಡದ ಮೇಲಿನ ಗಡಿಯಾರ ನೋಡಿದಳು. ನಿಜ, ಇಪ್ಪತ್ತೇಳೇ ಇತ್ತು. ನಾಲ್ಕು ತಿಂಗಳಿಂದ ಯಾರೂ ಏಣಿ ಹತ್ತಿರಲಿಲ್ಲ. ಅವಳು ಮಣಿಕಟ್ಟಿನ ಗಡಿಯಾರ ನೋಡಿಕೊಂಡಳು. ಹನ್ನೊಂದೂ ಮೂವತ್ತೊಂದು.

"ಹೊರಡಿ," ಎಂದಳು.

ಗಾಡಿ ಹೊರಟಿತು. ಪಕ್ಕದ ಕನ್ನಡಿಯಲ್ಲಿ ಕೊಳಾಯಿ ಹಿಂದೆ ಸರಿಯಿತು, ಇಬ್ಭಾಗವಾಗಿ ದಾರಿ ಬಿಟ್ಟ ವಿದ್ಯಾರ್ಥಿಗಳು ಸರಿದರು. ರಸ್ತೆಯ ನಟ್ಟನಡುವೆ ಕಾನೂನು ವಿಭಾಗದ ಮುಖ್ಯಸ್ಥರು ಏದುಸಿರು ಬಿಡುತ್ತ ನಿಂತಿದ್ದರು. ಹದಿನೈದು ನಿಮಿಷದ ಭಾಷಣವನ್ನು ಎರಡೂ ಕೈಯಿಂದ ಎದೆಗೆ ಒತ್ತಿ ಹಿಡಿದು, ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದರು.